ಜೇಬಿಗೆ ಹಗುರ, ಕೈಗೆ ದೊಡ್ಡದು

ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ. ಸಾವಿರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡರೂ ಅದರ ಚೆಲುವು ಮಾಸಿಲ್ಲ. ಅದೇ ಗುಡ್ಡದ ತಪ್ಪಲಿನ ಮನೆಯ ಅಟ್ಟದಲ್ಲಿ ಮರೆತಿಟ್ಟ ಕಬ್ಬಿಣದ ಕತ್ತಿಯನ್ನು ಆಟಿ ತಿಂಗಳು ಕಳೆದ ಮೇಲೆ ತೆಗೆದು ನೋಡಿದರೆ ಮೈಯೆಲ್ಲ ಕೆಂಪು ತುಕ್ಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪು ಬೆರೆತಿರುವ ಮಂಗಳೂರಿನಲ್ಲಿ ಚಾಕು ಕೊಳ್ಳುವವರು ಮೊದಲು ನೆನಪಿಡಬೇಕಾದ ಮಾತು ಇದು.

ಈ ಸೀಮೆಗೆ ಕತ್ತಿ ಹೊಸದಲ್ಲ. ತೋಟಕ್ಕೆ ಹೊರಟವರ ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ಅಡುಗೆಮನೆಯಲ್ಲಿ ಮೆಟ್ಟುಕತ್ತಿ, ಎಲೆ ವೀಳ್ಯದ ತಟ್ಟೆಯಲ್ಲಿ ಅಡಕತ್ತರಿ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು. ಸಣ್ಣ ಚಾಕುವಿಗೆ ಹವ್ಯಕರು ಪೀಶಕತ್ತಿ ಎನ್ನುತ್ತಾರೆ. ಕಾಸರಗೋಡು ದಾಟಿದರೆ ಮಲಯಾಳದಲ್ಲಿ ಅದು ಪಿಚ್ಚಾತ್ತಿ. ಘಟ್ಟ ಹತ್ತಿದರೆ ಕೊಡವರು ಹಬ್ಬದ ಉಡುಪಿನ ಚೇಲೆಯಲ್ಲಿ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ ಬೆಳ್ಳಿ ಕೆಲಸದ ಪೀಚೆಕತ್ತಿ. ‘ಚಾಕು’ ಎಂಬ ಮಾತು ಮಾತ್ರ ಪಾರಸಿಯ ಕಡೆಯಿಂದ ಬಂದದ್ದು. ಇದಕ್ಕೆ ಬದಲಾಗಿ ನಮ್ಮ ‘ಉಕ್ಕು’ ಹೊರದೇಶಕ್ಕೆ ಹೋಗಿ ‘ವೂಟ್ಸ್’ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯ ಕುಲುಮೆಗಳಲ್ಲಿ ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದಿಟ್ಟ.

ಮಡಚುವ ಚಾಕುವಿನ ಕಥೆ ಇದಕ್ಕೂ ಹಳೆಯದು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಮೂಳೆ ಹಿಡಿಯ ಮಡಚುಕತ್ತಿ ಕ್ರಿಸ್ತಪೂರ್ವ 6ನೆಯ ಶತಮಾನದ ಸುಮಾರಿನದು. ರೋಮನರೂ ಇಂಥವನ್ನು ಬಳಸಿದರು. ಫ್ರಾನ್ಸಿನ ಸವಾಯ್ ಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಅಗ್ಗದ ಚಾಕು ಮಾಡಿದ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನಿಕರಿಗೆ ಚಾಕು ಪೂರೈಸತೊಡಗಿದ. ನಮ್ಮ ದೇಶದಲ್ಲಿ ಹೆಸರಾದದ್ದು ಉತ್ತರ ಪ್ರದೇಶದ ರಾಂಪುರಿ. ಹಿಂದಿ ಸಿನಿಮಾದ ಖಳನಾಯಕರು ಅದರ ಹೆಸರು ಕೆಡಿಸಿದರೂ, 2023ರಲ್ಲಿ ರಾಂಪುರ ಪಟ್ಟಣ ಸುಮಾರು 20 ಅಡಿಯ ಚಾಕುವೊಂದನ್ನು ವೃತ್ತದಲ್ಲಿ ನಿಲ್ಲಿಸಿ ತನ್ನ ಕುಶಲಕರ್ಮಿಗಳಿಗೆ ಗೌರವ ಸಲ್ಲಿಸಿತು.

ದೊಡ್ಡದು ಏಕೆ?

ಜೇಬಿನ ಚಾಕು ಸಣ್ಣದಿದ್ದರೆ ಸಾಲದೇ ಎಂದು ಕೇಳಬಹುದು. ಪೆನ್ಸಿಲು ಕೆತ್ತುವುದಕ್ಕೆ ಸಾಕು. ಆದರೆ ಬಾಳೆಲೆ ಕೊಯ್ಯಲು, ತರಕಾರಿ ಮೂಟೆಯ ಹಗ್ಗ ಕತ್ತರಿಸಲು, ಅನಾನಸು ಹೆಚ್ಚಲು ಬಲ ಬೇಕು. ಬಲ ಹಾಕುವಾಗ ನಾಲ್ಕು ಬೆರಳೂ ಹಿಡಿಯ ಮೇಲೆ ಕೂರಬೇಕು. ಹಿಡಿ 10 ಸೆಂಟಿಮೀಟರಿಗಿಂತ ಗಿಡ್ಡವಾದರೆ ದೊಡ್ಡವರ ಕಿರುಬೆರಳು ಹೊರಗುಳಿಯುತ್ತದೆ, ಹಿಡಿತ ಜಾರುತ್ತದೆ. ಮಡಚಿದಾಗ ಅಲಗು ಹಿಡಿಯೊಳಗೇ ಅಡಗಬೇಕಾದ್ದರಿಂದ ಹಿಡಿ ಯಾವಾಗಲೂ ಅಲಗಿಗಿಂತ ಉದ್ದ. 9-10 ಸೆಂಟಿಮೀಟರ್ ಅಲಗಿಗೆ ಸುಮಾರು 12 ಸೆಂಟಿಮೀಟರ್ ಹಿಡಿ: ಜೇಬಿನ ಮಟ್ಟಿಗೆ ಇದು ದೊಡ್ಡ ಚಾಕುವೇ ಸರಿ. ಇದಕ್ಕಿಂತ ಮೇಲಕ್ಕೆ ಹೋದರೆ ಜೇಬು ಜೋತುಬೀಳುತ್ತದೆ.

ತೂಕ ಎಲ್ಲಿದೆ?

ದೊಡ್ಡ ಚಾಕು ಭಾರವಾಗಲೇಬೇಕೆಂದಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.8 ಗ್ರಾಂ. 10 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ 58 ಗ್ರಾಂ ತೂಗುತ್ತದೆ. ದಪ್ಪವನ್ನು 2 ಮಿಲಿಮೀಟರಿಗೆ ಇಳಿಸಿದರೆ 39 ಗ್ರಾಂ. ಹರಿತ ತೆಗೆಯಲು ಸವೆಸಿದ ಮೇಲೆ ಎರಡೂ ಇನ್ನಷ್ಟು ಹಗುರವಾಗುತ್ತವೆ. ತೆಳು ಅಲಗು ಹಣ್ಣು ತರಕಾರಿಯಲ್ಲಿ ಸಲೀಸಾಗಿ ಇಳಿಯುತ್ತದೆ ಎಂಬುದು ಬಳುವಳಿ.

ನಿಜವಾದ ಭಾರ ಅಡಗಿರುವುದು ಹಿಡಿಯಲ್ಲಿ. ಹಿಡಿಯ ಒಳಗೆ ಎರಡೂ ಕಡೆ ಒಂದೊಂದು ಮಿಲಿಮೀಟರಿನ ಹಿತ್ತಾಳೆ ತಗಡು ಹಾಕಿದರೆ ಅವೆರಡೇ ಸುಮಾರು 45 ಗ್ರಾಂ ಆಗುತ್ತವೆ. ಅದೇ ಅಳತೆಯ ಅಲ್ಯೂಮಿನಿಯಂ ತಗಡು ಸುಮಾರು 14 ಗ್ರಾಂ. ಮರದ ಹಿಡಿಯನ್ನು ಕೊರೆದು ತಗಡೇ ಇಲ್ಲದೆ ಅಲಗು ಕೂರಿಸಿದರೆ ಅದೂ ಇಲ್ಲ. 10 ಸೆಂಟಿಮೀಟರ್ ಅಲಗಿನ ಒಪಿನೆಲ್ ಚಾಕು ಒಟ್ಟು 70 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುವುದರ ಗುಟ್ಟು ಇದೇ. ಅಂಗಡಿಯಲ್ಲಿ ಚಾಕು ಭಾರವಾಗಿದ್ದರೆ ‘ಗಟ್ಟಿ ಮಾಲು’ ಎಂದು ಹೊಗಳುವುದುಂಟು. ಆ ಭಾರ ಬಹುಪಾಲು ಕೆಲಸಕ್ಕೆ ಬಾರದ ಲೋಹದ್ದು.

ಹಗುರದ ಬೆಲೆ ನಡೆಯುವವರಿಗೆ ಚೆನ್ನಾಗಿ ಗೊತ್ತು. ನಾಸಿಕದ ತ್ರ್ಯಂಬಕೇಶ್ವರದಿಂದ ಹೊರಟು 12 ವರ್ಷಕ್ಕೊಮ್ಮೆ ಕದ್ರಿಯ ಜೋಗಿ ಮಠಕ್ಕೆ ನಾಥ ಪಂಥದ ಸಾಧುಗಳು ಕಾಲ್ನಡಿಗೆಯಲ್ಲಿ ಬರುತ್ತಾರೆ. 2004ರಲ್ಲಿ, 2016ರಲ್ಲಿ ಹಾಗೆಯೇ ಬಂದರು. ಅಷ್ಟು ದೂರದ ಹಾದಿಯಲ್ಲಿ ಜೋಳಿಗೆಗೆ ಏನು ಹಾಕಬೇಕು, ಏನು ಬಿಡಬೇಕು ಎಂಬುದೇ ಒಂದು ವಿದ್ಯೆ.

ಬೆರಳು ಉಳಿಸುವ ಬೀಗ

ಮಡಚುವ ಚಾಕುವಿನ ದುರ್ಬಲ ಸ್ಥಳ ಅದರ ಕೀಲು. ಬಳಸುವಾಗ ಅಲಗು ತಾನಾಗಿ ಮಡಚಿಕೊಂಡರೆ ಹರಿತದ ಅಂಚು ಬೀಳುವುದು ಹಿಡಿದವರ ಬೆರಳಿನ ಮೇಲೆ. ಹಳೆಯ ಮಾದರಿಯಲ್ಲಿ ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ಒತ್ತಿ ಹಿಡಿಯುತ್ತದೆ, ಬೀಗ ಇರುವುದಿಲ್ಲ. ಸಣ್ಣ ಅಲಗಿಗೆ ಅದು ಸಾಕು. ದೊಡ್ಡ ಅಲಗಿಗೆ ಬೀಗ ಬೇಕೇ ಬೇಕು. ಒಪಿನೆಲ್ ಚಾಕುವಿಗೂ 1955ರಲ್ಲಿ ಕೀಲಿನ ಮೇಲೆ ತಿರುಗುವ ಉಂಗುರದ ಬೀಗ ಬಂತು. ಬೆನ್ನಿನಲ್ಲಿ ಒತ್ತುಪಟ್ಟಿ ಇರುವುದು, ಒಳಗಿನ ತಗಡೇ ಅಲಗಿನ ಬುಡಕ್ಕೆ ಅಡ್ಡ ನಿಲ್ಲುವುದು ಇನ್ನೆರಡು ಬಗೆ.

ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ. ಚಾಕು ಪೂರ್ತಿ ಬಿಡಿಸಿ ಅಲಗನ್ನು ಅತ್ತಿತ್ತ ಅಲುಗಿಸಿ ನೋಡಬೇಕು, ಆಟ ಇರಬಾರದು. ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಬೇಕು. ಬೀಗ ಜಾರಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಅದು ಬೇಡ. ಮಡಚಿದಾಗ ಅಲಗು ನಡುವೆ ಕೂರಬೇಕು, ಪಕ್ಕಕ್ಕೆ ಉಜ್ಜಬಾರದು.

ಕೈಯಲ್ಲಿ ಕೆಲವೇ ನೂರು ರೂಪಾಯಿ ಇದ್ದಾಗ ಹಣ ಎಲ್ಲಿ ಹಾಕಬೇಕು ಎಂಬುದಕ್ಕೂ ಇದೇ ಉತ್ತರ: ಮೊದಲು ಬೀಗ, ಆಮೇಲೆ ಉಕ್ಕು, ಕೊನೆಗೆ ಚಂದ. ಕತ್ತರಿ, ಗರಗಸ, ತಿರುಪುಳಿ ಎಂದು ಹತ್ತು ಹನ್ನೊಂದು ಉಪಕರಣ ತುಂಬಿದ ಅಗ್ಗದ ಚಾಕುವಿನಲ್ಲಿ ಆ ಹಣ ಹನ್ನೊಂದು ಪಾಲಾಗಿರುತ್ತದೆ, ತೂಕವೂ ಏರಿರುತ್ತದೆ.

ತುಕ್ಕು, ಸಾಣೆ, ಕಾನೂನು

ಉಕ್ಕಿನಲ್ಲಿ ಎರಡು ದಾರಿ. ಸಾದಾ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುವುದರಿಂದ ತುಕ್ಕು ತಡವಾಗುತ್ತದೆ. ತೀರಾ ಅಗ್ಗದ್ದು ಬೇಗ ಮೊಂಡಾಗುತ್ತದೆ. ದಿನವೂ ಒರೆಸಿ ಎಣ್ಣೆ ಸವರುವ ಶಿಸ್ತು ಇಲ್ಲದವರಿಗೆ ಕರಾವಳಿಯಲ್ಲಿ ಸ್ಟೇನ್‌ಲೆಸ್ಸೇ ಲೇಸು. ಯಾವುದಾದರೂ ಕೀಲಿಗೆ ಒಂದು ಹನಿ ಎಣ್ಣೆ ಬೇಕು. ಹಲಸು ಕೊಯ್ಯುವ ಮೊದಲು ಅಲಗಿಗೆ ತೆಂಗಿನೆಣ್ಣೆ ಸವರಿದರೆ ಮೇಣ ಅಂಟುವುದಿಲ್ಲವೆಂದು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಸಾಣೆ ಹಿಡಿಸುವಾಗಲೂ ಎಚ್ಚರ ಬೇಕು. ಚಕ್ರದ ಮೇಲೆ ಕಿಡಿ ಹಾರುವಂತೆ ಉಜ್ಜಿದರೆ ತೆಳು ಅಂಚು ಕಾದು ನೀಲಿಗಟ್ಟುತ್ತದೆ. ನೀಲಿ ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್; ಅಷ್ಟಾದರೆ ಸಾದಾ ಉಕ್ಕಿನ ಹದ ಹೋಯಿತೆಂದೇ ಅರ್ಥ. ಮನೆಯಲ್ಲೇ ಒದ್ದೆ ಕಲ್ಲಿನ ಮೇಲೆ ನಿಧಾನವಾಗಿ ಉಜ್ಜುವುದು ಕ್ಷೇಮ.

ಕಾನೂನಿನ ಮಿತಿಯೂ ಗೊತ್ತಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಮನೆ, ಕೃಷಿ, ಕೈಗಾರಿಕೆಗೆಂದೇ ಮಾಡಿದವುಗಳಿಗೆ ವಿನಾಯಿತಿ ಉಂಟು. ನಾಲ್ಕು ಇಂಚಿನ ಮಡಚುಕತ್ತಿ ಈ ಅಳತೆಗಿಂತ ಬಹಳ ಕೆಳಗೆ. ಆದರೂ ನಿಷೇಧಾಜ್ಞೆ ಇರುವ ದಿನ, ಜಾತ್ರೆ ಮೆರವಣಿಗೆಗಳ ನೂಕುನುಗ್ಗಲಿನಲ್ಲಿ ಅದು ಮನೆಯಲ್ಲಿರುವುದೇ ಒಳ್ಳೆಯದು. ವಿಮಾನದ ಕೈಚೀಲದಲ್ಲಿ ಚಾಕುವಿಗೆ ಪ್ರವೇಶವಿಲ್ಲ.

ಇಷ್ಟಾಗಿಯೂ ಕೊಳ್ಳುವ ಮುನ್ನ ಒಂದು ಪ್ರಶ್ನೆ ಉಳಿಯುತ್ತದೆ: ಮಡಚುವುದು ನಿಜಕ್ಕೂ ಬೇಕೇ? ಕೀಲಿಲ್ಲದ ಚಾಕುವಿಗೆ ಬೀಗ ಬೇಡ, ಜಾರುವ ಭಯವೂ ಇಲ್ಲ. ತೋಟದಲ್ಲೋ ಅಡುಗೆಮನೆಯಲ್ಲೋ ಬಳಸುವುದಾದರೆ ಅದೇ ಹಣಕ್ಕೆ ಊರಿನ ಕಮ್ಮಾರ ತಟ್ಟಿಕೊಡುವ ಸಣ್ಣ ಕತ್ತಿ ಮತ್ತು ಅದಕ್ಕೊಂದು ಒರೆ ಹೆಚ್ಚು ಬಾಳುತ್ತದೆ. ಮೊಂಡಾದರೆ ಅವನ ಕುಲುಮೆಗೇ ಮರಳಿ ಒಯ್ಯಬಹುದು. ಪ್ರಯಾಣಕ್ಕೆ, ಜೇಬಿಗೆ ಎಂದಾದರೆ ಮಾತ್ರ ಮಡಚುಕತ್ತಿ. ತೆಳು ಅಲಗು, ಹಗುರ ಹಿಡಿ, ಜಾರದ ಬೀಗ, ಈ ಮೂರೂ ಇದ್ದರೆ ಕಡಿಮೆ ಬೆಲೆಯದೂ ಮೋಸ ಮಾಡುವುದಿಲ್ಲ.