ದಂಡೋಬಾ ಗುಡ್ಡ ಅಗ್ನಿಪರ್ವತವೇ?

ಲಾವಾ ನೆಲದ ಮೇಲೆ ನಡೆಯಬೇಕೆಂದರೆ ಅಟ್ಲಾಂಟಿಕ್ ಸಾಗರದ ಮದೀರಾಕ್ಕೋ ಟೆನೆರೀಫ್‌ಗೋ ವಿಮಾನ ಹತ್ತಬೇಕು ಎಂದು ನಂಬಿದವರು ಸಾಂಗ್ಲಿ, ಮಿರಜಗಳಲ್ಲೂ ಇದ್ದಾರೆ. ಆದರೆ ಮಿರಜಿನಿಂದ ಪಂಢರಪುರದ ದಾರಿ ಹಿಡಿದು, ಭೋಸೆ ಊರಿನ ಹತ್ತಿರ ದಂಡೋಬಾ ಗುಡ್ಡ ಹತ್ತಿ ಬಂದವರು ಹೆಜ್ಜೆಹೆಜ್ಜೆಗೂ ಲಾವಾ ತುಳಿದೇ ಬಂದಿರುತ್ತಾರೆ. ಇಲ್ಲಿನ ಕರಿಗಲ್ಲು ಬಸಾಲ್ಟ್, ಅಂದರೆ ಹರಿದು ಹೆಪ್ಪುಗಟ್ಟಿದ ಲಾವಾ.

ಇಷ್ಟು ತಿಳಿದ ಕೂಡಲೇ ಇನ್ನೊಂದು ತಪ್ಪು ಹುಟ್ಟಿಕೊಳ್ಳುತ್ತದೆ: ‘ಹಾಗಾದರೆ ದಂಡೋಬಾ ಆರಿಹೋದ ಅಗ್ನಿಪರ್ವತ, ದೇವರಿರುವ ಗವಿಯೇ ಅದರ ಬಾಯಿ.’ ಎರಡೂ ನಿಜವಲ್ಲ. ಗವಿ ಮನುಷ್ಯರು ಉಳಿಯಿಂದ ಬಂಡೆ ಕೊರೆದು ಮಾಡಿದ ಶಿವಾಲಯ. ಇನ್ನು ಗುಡ್ಡದ ಕಥೆ ನಾವು ಎಣಿಸಿದ್ದಕ್ಕೆ ಪೂರ್ತಿ ತಿರುವುಮುರುವು. ಟೆನೆರೀಫ್‌ನ ತೇಯ್ಡೆ ಶಿಖರ ಲಾವಾ, ಬೂದಿ ರಾಶಿರಾಶಿಯಾಗಿ ಬಿದ್ದು 3,715 ಮೀಟರ್‌ ಎತ್ತರಕ್ಕೆ ಬೆಳೆದದ್ದು. ನಮ್ಮಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲವೇ ಉದ್ದುದ್ದ ಬಿರುಕು ಬಿಟ್ಟು, ತೆಳು ಲಾವಾ ಹೊಳೆಯಾಗಿ ಹರಿದು, ಹಾಸಿನ ಮೇಲೆ ಹಾಸಾಗಿ ಹರಡಿತು. ಇಂದು ಉಳಿದಿರುವ ಹಾಸೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ವಿಜಯಪುರದ ಗೋಳಗುಮ್ಮಟಕ್ಕೆ ಕಲ್ಲು ಕೊಟ್ಟದ್ದೂ ಇದೇ ಹಾಸು. ಆಮೇಲೆ ಮಳೆ, ಹಳ್ಳ, ಹೊಳೆಗಳು ಅದನ್ನು ಕೊರೆಯುತ್ತ ಹೋದವು. ಕೊರೆಯದೆ ಉಳಿದ ಭಾಗವೇ ದಂಡೋಬಾ. ಗುಡ್ಡ ಮೇಲೆದ್ದದ್ದಲ್ಲ, ಸುತ್ತಲಿನ ನೆಲ ಕೆಳಗಿಳಿದದ್ದು.

ಈ ಸೀಮೆಯ ಅನೇಕ ಗುಡ್ಡಗಳ ನೆತ್ತಿ ಚಪ್ಪಟೆಯಾಗಿರುವುದಕ್ಕೂ ಇದೇ ಕಾರಣ. ಕೋಟೆ ಕಟ್ಟಲೆಂದು ರಾಜರು ಸಮ ಮಾಡಿಸಿದರು ಎನ್ನುತ್ತಾರೆ. ಕೋಟೆ ಕಟ್ಟಿದವರು ಸಮ ನೆತ್ತಿ ಹುಡುಕಿಕೊಂಡು ಬಂದದ್ದು ನಿಜ, ಆದರೆ ಅದನ್ನು ಹಾಸಿಕೊಟ್ಟದ್ದು ಲಾವಾ. ಇಳಿಜಾರಿನ ಮೆಟ್ಟಿಲುಗಳೂ ಹಾಗೆಯೇ: ಗಟ್ಟಿ ಪದರ ಕಡಿದಾಗಿ ನಿಲ್ಲುತ್ತದೆ, ಗಾಳಿಗುಳ್ಳೆ ತುಂಬಿದ ಪದರ ಬೇಗ ಸವೆದು ಜಾರುತ್ತದೆ.

ಹತ್ತುವಾಗ ಒಂದು ಕಡೆ ಕೂತು ಕಲ್ಲನ್ನೇ ನೋಡಬೇಕು. ಕಾಳಿನಷ್ಟು ತೂತುಗಳು ಕಾಣುತ್ತವೆ. ಲಾವಾದಲ್ಲಿದ್ದ ಅನಿಲ ಸಿಕ್ಕಿಕೊಂಡ ಜಾಗ ಅವು. ಕೆಲವದರಲ್ಲಿ ಬಿಳಿ ಹರಳು ಹೊಳೆಯುತ್ತದೆ. ಅದು ವಜ್ರವೂ ಅಲ್ಲ, ಪವಾಡವೂ ಅಲ್ಲ. ಕಲ್ಲಿನೊಳಗೆ ಜಿನುಗಿದ ನೀರು ಬಿಟ್ಟುಹೋದ ಜಿಯೋಲೈಟ್, ಸ್ಫಟಿಕ, ಕ್ಯಾಲ್ಸೈಟ್. ದಾರಿಯಲ್ಲಿ ಸಿಗುವ ಗುಂಡುಕಲ್ಲು ನೋಡಿ ‘ಹಿಂದೆ ಇಲ್ಲಿ ಕೃಷ್ಣೆ ಹರಿಯುತ್ತಿದ್ದಳು’ ಅನ್ನುವವರಿಗೆ, ಅಂಥ ಒಂದು ಕಲ್ಲಿನ ಅಂಚನ್ನು ಉಗುರಿನಿಂದ ಕೆರೆದು ನೋಡಲು ಹೇಳಬೇಕು. ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಬಂಡೆಯ ಮೂಲೆಗಳನ್ನು ಮೊದಲು ತಿಂದು, ಇದ್ದಲ್ಲೇ ಅದನ್ನು ದುಂಡಗೆ ಮಾಡಿದೆ. ಉರುಳಿಸಲು ನದಿ ಬೇಕಾಗಿಲ್ಲ.

ಮನಸ್ಸಿನಲ್ಲಿ ಆಳವಾಗಿ ಕೂತ ನಂಬಿಕೆ ಭಯದ್ದು. ಪಕ್ಕದ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಭೂಕಂಪವಾಗಿ ಸುಮಾರು 180 ಜನ ಸತ್ತರು. ‘ಒಳಗೆ ಲಾವಾ ಇನ್ನೂ ಕುದಿಯುತ್ತಿದೆ’ ಎಂದು ಈಗಲೂ ಹೇಳುವುದುಂಟು. ಅಲ್ಲಿ ವಿಜ್ಞಾನಿಗಳು ಮೂರು ಕಿಲೋಮೀಟರ್ ಆಳಕ್ಕೆ ಕೊರೆದರು. ಸುಮಾರು 1.2 ಕಿಲೋಮೀಟರ್ ಬಸಾಲ್ಟ್ ಮುಗಿದ ಮೇಲೆ ಸಿಕ್ಕಿದ್ದು ಕಣಶಿಲೆಯ ಪ್ರಾಚೀನ ತಳ. ಕುದಿಯುವ ಲಾವಾ ಅಲ್ಲ. ಕಂಪನಕ್ಕೆ ಕಾರಣ ಆಳದ ಹಳೆಯ ಸ್ತರಭಂಗ ಮತ್ತು ಕೊಯ್ನಾ ಅಣೆಕಟ್ಟಿನ ನೀರು ಅದರ ಮೇಲೆ ತಂದ ಒತ್ತಡ. ಭೂಕಂಪದ ಎಚ್ಚರ ಖಂಡಿತ ಇರಲಿ. ಅಗ್ನಿಪರ್ವತದ ಭಯ ಬೇಡ.

ಕರಿಗಲ್ಲಿನ ಗುಡ್ಡ ಯಾವತ್ತಿದ್ದರೂ ಬೋಳು, ಏನೂ ಬೆಳೆಯದು ಎನ್ನುವವರು ಕಿರ್ಲೋಸ್ಕರವಾಡಿ ಕಡೆಯ ಸಾಗರೇಶ್ವರಕ್ಕೆ ಹೋಗಿ ಬರಲಿ. ಅಲ್ಲಿಗೆ ಹೋದವರು ಇನ್ನೊಂದು ತಪ್ಪಿಗೆ ಬೀಳುತ್ತಾರೆ, ಅದು ಅನಾದಿ ಕಾಡು ಎಂದುಕೊಳ್ಳುತ್ತಾರೆ. 1985ರಲ್ಲಿ ವನ್ಯಜೀವಿ ಧಾಮವಾದ, 10.87 ಚದರ ಕಿಲೋಮೀಟರಿನ ಆ ಕಾಡು ಬಹುಪಾಲು ಜನ ನೆಟ್ಟು ಬೆಳೆಸಿದ್ದು. ಅಲ್ಲಿನ ಪ್ರಾಣಿಗಳಲ್ಲೂ ಹೆಚ್ಚಿನವು ಹೊರಗಿಂದ ತಂದು ಬಿಟ್ಟವು. ಅದರ ಹಿಂದೆ ಧೋ. ಮ. ಮೋಹಿತೆಯವರ ಮುಂದಾಳುತನವಿತ್ತು. ವರ್ಷವಿಡೀ ಹರಿಯುವ ನೀರಿನ ಸೆಲೆ ಆ ಗುಡ್ಡದಲ್ಲಿ ಇವತ್ತಿಗೂ ಇಲ್ಲ.