ಸಲಾಯಿನ್ ನಂಬಿಕೆ ಮತ್ತು ನಾಯಿಯ ಮೂತ್ರಪಿಂಡ

ಕನ್ನಡ ನಾಡಿನ ಜನಪದ ಬದುಕಿನಲ್ಲಿ ನಾಯಿಗೆ ಕಾವಲಿನ ಪ್ರಾಣಿ ಎಂಬುದಕ್ಕಿಂತ ಮಿಗಿಲಾದ ಸ್ಥಾನವಿದೆ. ಕ್ರಿ.ಶ. 949-50ರ ಆತಕೂರು ಶಾಸನವು ಕಾಡುಹಂದಿಯೊಡನೆ ಕಾದಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಕಲ್ಲಿನಲ್ಲಿ ಉಳಿಸಿದೆ. ಮೈಲಾರಲಿಂಗನ ಪರಂಪರೆಯ ವಗ್ಗಯ್ಯರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿಕೊಳ್ಳುತ್ತಾರೆ. ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಎರೆಭೂಮಿಯ ಊರುಗಳಲ್ಲಿ ಮನೆ, ಹೊಲ, ಕುರಿದಡ್ಡಿಗಳ ಕಾವಲು ಇಂದಿಗೂ ನಾಯಿಯದೇ. ಇಂಥ ನಾಯಿ ಅನ್ನ ಬಿಟ್ಟು ಮಲಗಿದಾಗ ಈ ಭಾಗದಲ್ಲಿ ಸಹಜವಾಗಿ ಬರುವ ಮಾತು ಒಂದೇ: “ಒಂದ ಸಲಾಯಿನ್ ಹಚ್ಚ್ರಿ, ಶಕ್ತಿ ಬರತೈತಿ.”

ಜನಪದ ವೈದ್ಯವೆಂದರೆ ಬೇರು, ನಾರು, ಸೊಪ್ಪುಗಳಷ್ಟೇ ಅಲ್ಲ. ಆಧುನಿಕ ಔಷಧಿಯ ಸುತ್ತಲೂ ಜನರು ತಮ್ಮದೇ ತಿಳಿವಳಿಕೆಯನ್ನು ಕಟ್ಟಿಕೊಳ್ಳುತ್ತಾರೆ. ನೆತ್ತರಿಗೆ ನೇರವಾಗಿ ಇಳಿಯುವ ಬಾಟಲಿಯು ಊಟಕ್ಕೆ ಸಮಾನವೆಂಬುದು ಅಂಥ ಹೊಸ ನಂಬಿಕೆ. ಮನುಷ್ಯರಿಂದ ಅದು ಸಾಕುಪ್ರಾಣಿಗಳಿಗೂ ಹಬ್ಬಿದೆ. ವಾಸ್ತವದಲ್ಲಿ 500 ಮಿಲಿಲೀಟರ್ ಸಲಾಯಿನ್‌ನಲ್ಲಿರುವುದು ನೀರು ಮತ್ತು 4.5 ಗ್ರಾಂ ಉಪ್ಪು ಮಾತ್ರ. ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆಯಂಶವಿದ್ದು, ಅದರಿಂದ ದೊರೆಯುವ ಶಕ್ತಿ 100 ಕಿಲೊಕ್ಯಾಲರಿಯನ್ನೂ ಮುಟ್ಟದು.

ಹಾಗೆಂದು ಈ ಚಿಕಿತ್ಸೆಯನ್ನು ಹಗುರವಾಗಿ ಕಾಣುವಂತಿಲ್ಲ. ಇದರ ಚರಿತ್ರೆಯೇ ನಾಯಿಯೊಂದಿಗೆ ಹೆಣೆದುಕೊಂಡಿದೆ. 1656ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ಹಕ್ಕಿಯ ಗರಿಯ ಕೊಳವೆಯ ಮೂಲಕ ನಾಯಿಯ ರಕ್ತನಾಳಕ್ಕೆ ದ್ರವವನ್ನು ಹರಿಸಿದನು. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಕಾಲರಾ ರೋಗಿಗಳಿಗೆ ಉಪ್ಪುನೀರನ್ನು ರಕ್ತನಾಳದ ಮೂಲಕ ನೀಡಿದನು. ವಾಂತಿ, ಭೇದಿ, ಇಲಿಜ್ವರಗಳಿಂದ ನಾಯಿಯ ದೇಹದಲ್ಲಿ ನೀರು ಬತ್ತಿದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತವೂ ಕುಗ್ಗುತ್ತದೆ. ಆಗ ಸಕಾಲದಲ್ಲಿ ಕೊಟ್ಟ ದ್ರವವೇ ಮೂತ್ರಪಿಂಡವನ್ನು ಕಾಯುತ್ತದೆ.

ಕಾಯುವ ದ್ರವವೇ ಕೆಡಿಸುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಪ್ರಮಾಣ. ಮೂತ್ರಪಿಂಡವು ಬಿಗಿಯಾದ ಹೊರಪದರದೊಳಗೆ ಇರುವ ಅಂಗ. ದೇಹದಲ್ಲಿ ನೀರು ಮಿತಿಮೀರಿದಾಗ ಅದು ಒಳಗೇ ಬಾತುಕೊಂಡು, ಒತ್ತಡ ಹೆಚ್ಚಿ, ಸೋಸುವ ಕೆಲಸ ಕುಂಠಿತವಾಗುತ್ತದೆ. ಎರಡನೆಯದು ಕ್ಲೋರೈಡ್. ಸಲಾಯಿನ್‌ನಲ್ಲಿ ಇದು ನಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಕ್ಲೋರೈಡ್ ಹೆಚ್ಚಿದಾಗ ಮೂತ್ರಪಿಂಡದ ರಕ್ತನಾಳಗಳು ಸಂಕುಚಿತಗೊಳ್ಳುವುದನ್ನು 1983ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಯಿಗಳಲ್ಲಿಯೇ ತೋರಿಸಿತು.

ಮೂರನೆಯದು ರಕ್ತದೊತ್ತಡ ಕುಸಿದಾಗ ಬಳಸುತ್ತ ಬಂದ ಕೃತಕ ಮಂದದ್ರವಗಳಿಗೆ ಸಂಬಂಧಿಸಿದ್ದು. ಮೆಕ್ಕೆಜೋಳ ಇಲ್ಲವೆ ಆಲೂಗಡ್ಡೆಯ ಪಿಷ್ಟದಿಂದ ತಯಾರಾಗುವ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಅಂಥದೊಂದು. ಇದರ ಕಣಗಳು ಮೂತ್ರಪಿಂಡದ ನಾಳಗಳ ಜೀವಕೋಶಗಳೊಳಗೆ ಸೇರಿ ಅವನ್ನು ಉಬ್ಬಿಸಬಲ್ಲವು. ತೀವ್ರ ಅಸ್ವಸ್ಥ ರೋಗಿಗಳಲ್ಲಿ ಇದರ ಅಪಾಯ 2012ರ ದೊಡ್ಡ ಅಧ್ಯಯನಗಳಿಂದ ಬೆಳಕಿಗೆ ಬಂದಿತು. 2022ರಲ್ಲಿ ಯುರೋಪಿನ ಒಕ್ಕೂಟ ಮನುಷ್ಯರ ಚಿಕಿತ್ಸೆಯಲ್ಲಿ ಇದರ ಮಾರಾಟದ ಅನುಮತಿಯನ್ನು ಅಮಾನತುಗೊಳಿಸಿತು. ಇದನ್ನು ಪಡೆದ ನಾಯಿಗಳಲ್ಲಿ ಮೂತ್ರಪಿಂಡದ ಹಾನಿ ಅಥವಾ ಸಾವಿನ ಸಂಭವ ಹೆಚ್ಚೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹೊಸ ಬಗೆಯ ಪಿಷ್ಟದ್ರವಗಳಲ್ಲಿ ಅಂಥ ಹಾನಿ ಕಾಣದ ಅಧ್ಯಯನಗಳೂ ಇವೆ. ಮುಧೋಳ ನಾಯಿಯಂತೆಯೇ ಕಣ್ಣಳತೆಯಿಂದ ಬೇಟೆಯಾಡುವ ಗ್ರೇಹೌಂಡ್ ನಾಯಿಗಳ ಮೇಲೆ ನಡೆದ ಪ್ರಯೋಗದ 2019ರ ವರದಿಯಲ್ಲಿ, ಜಿಲಾಟಿನ್ ದ್ರವ ಪಡೆದವುಗಳಲ್ಲಿ ಮೂತ್ರಪಿಂಡದ ಗಾಯದ ಸೂಚನೆಗಳು ಹೆಚ್ಚಾಗಿ ಕಂಡವು. ಆದ್ದರಿಂದ ಯಾವ ದ್ರವ ಎಂಬ ಪ್ರಶ್ನೆ ಎಷ್ಟು ದ್ರವ ಎಂಬುದರಷ್ಟೇ ಮುಖ್ಯ.

ಹಳ್ಳಿಯ ಮಟ್ಟದಲ್ಲಿ ಮೊದಲು ಅರಿಯಬೇಕಾದುದು ಪ್ರಮಾಣವನ್ನೇ. ಮೂರು ಕಿಲೊ ತೂಗುವ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್. ನೀರಿನ ಕೊರತೆಯಿಲ್ಲದಿದ್ದರೆ ಅದಕ್ಕೆ ದಿನಕ್ಕೆ ಬೇಕಾಗುವ ನೀರು 180 ಮಿಲಿಲೀಟರ್‌ನ ಆಸುಪಾಸು. ಮನುಷ್ಯರಿಗೆಂದು ಬರುವ 500 ಮಿಲಿಲೀಟರ್‌ನ ಒಂದು ಬಾಟಲಿಯನ್ನು ಅವಸರದಲ್ಲಿ ಖಾಲಿ ಮಾಡಿದರೆ ಆ ಮರಿಯ ರಕ್ತದ ಎರಡರಷ್ಟು ದ್ರವ ಒಳಸೇರಿದಂತಾಗುತ್ತದೆ. ಬಾಟಲಿ ಒಂದೇ ಆದರೂ ನಾಯಿಯ ತೂಕ ಬೇರೆ ಬೇರೆ ಎಂಬ ಸರಳ ಸತ್ಯ ಮರೆತಲ್ಲಿ ಅಪಾಯ ಹುಟ್ಟುತ್ತದೆ. ತೂಕ, ನೀರಿನ ಕೊರತೆ, ಹೃದಯದ ಸ್ಥಿತಿಗಳನ್ನು ನೋಡಿ ಪ್ರಮಾಣವನ್ನು ನಿರ್ಧರಿಸುವುದು ಪಶುವೈದ್ಯರ ಕೆಲಸ.

ಚಿಕಿತ್ಸೆಯ ವೇಳೆ ಪಕ್ಕದಲ್ಲಿ ಕುಳಿತ ಮನೆಯವರ ಗಮನವೂ ಇಲ್ಲಿ ಬೆಲೆಯುಳ್ಳದ್ದು. ದ್ರವ ಇಳಿಯುತ್ತಿದ್ದರೂ ನಾಯಿ ಮೂತ್ರ ಮಾಡದಿರುವುದು, ಮೂಗಿನಿಂದ ನೀರು ಸೋರುವುದು, ಉಸಿರಾಟ ಬಿರುಸಾಗುವುದು, ಕಣ್ಣಿನ ಸುತ್ತ ಅಥವಾ ಕಾಲುಗಳಲ್ಲಿ ಬಾವು ಕಾಣುವುದು, ಇವು ನೀರು ಮಿತಿಮೀರಿದ ಲಕ್ಷಣಗಳು. ಇವನ್ನು ಕಂಡಕೂಡಲೆ ವೈದ್ಯರ ಗಮನಕ್ಕೆ ತರಬೇಕು. ಆಗ “ಇನ್ನೊಂದ ಬಾಟಲಿ ಹಚ್ಚ್ರಿ” ಎಂಬ ಒತ್ತಾಯ ನಾಯಿಯ ಪ್ರಾಣಕ್ಕೇ ಎರವಾಗಬಹುದು.

ಸಲಾಯಿನ್ ನಂಬಿಕೆಯ ಒಡಲಲ್ಲಿರುವುದು ಮೂಕಪ್ರಾಣಿಯ ಮೇಲಿನ ಅಕ್ಕರೆ. ಅದನ್ನು ಅಜ್ಞಾನವೆಂದು ಜರಿಯುವುದು ಸಲ್ಲದು. ಆ ಅಕ್ಕರೆಗೆ ಅಳತೆಯ ಅರಿವು ಕೂಡಬೇಕು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಬಲ್ಲ ಜನರಿಗೆ ಈ ಅರಿವು ಹೊಸತೇನಲ್ಲ. ಎಂದಿನಿಂದಲೂ ಬಲ್ಲ ಆ ಮಾತನ್ನು ಬಾಟಲಿಯ ನೀರಿಗೂ ಅನ್ವಯಿಸಿಕೊಂಡರೆ ಮನೆಯ ಕಾವಲುಗಾರನ ಜೀವ ಉಳಿದೀತು.