ದಾಟಿಸಿದವರ ಉಸಿರು

ಐರಣಿಯ ಹಳೆಯ ಕೋಟೆಯ ಮಗ್ಗುಲಲ್ಲಿ ಸಾಗುವ ತುಂಗಭದ್ರೆ ಮಳೆಗಾಲದಲ್ಲಿ ಕೆಂಪಾಗಿ ಉಬ್ಬಿ ದಂಡೆಯ ಹೊಲಗಳಿಗೆ ಏರಿದಾಗ, ಸರಕಾರದ ದೋಣಿ ಬರುವುದಕ್ಕೆ ಮೊದಲೇ ಎದೆಮಟ್ಟದ ನೀರಿಗಿಳಿದು ಮುದುಕರನ್ನೂ ಎಳೆಗರುಗಳನ್ನೂ ಎತ್ತಿ ತರುವವರು ಊರಿನವರೇ. ಹಾವೇರಿ ಜಿಲ್ಲೆಯ ಇದೇ ರಾಣೆಬೆನ್ನೂರು ತಾಲ್ಲೂಕಿನ, ಇದೇ ಹೊಳೆಯ ದಂಡೆಯ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿರಲಾಗಿ, ದಾಟಿಸುವವನನ್ನು ಪೂಜ್ಯನೆಂದು ಕಾಣುವ ಭಾವವು ಈ ಸೀಮೆಗೆ ಹೊಸತಲ್ಲ. ಆದರೆ ದಾಟಿಸಿದವನು ಮನೆಗೆ ಮರಳಿದ ಮೇಲೆ ಅವನ ಶರೀರದಲ್ಲಿ ವರ್ಷಗಟ್ಟಲೆ ಏನು ನಡೆಯುತ್ತದೆಂದು ವಿಚಾರಿಸುವ ಅಭ್ಯಾಸವು ನಮಗಿನ್ನೂ ಬಂದಿಲ್ಲ.

2019ರ ಮಾರ್ಚ್ 19ರ ಅಪರಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಲಾಗುತ್ತಿದ್ದ ಬಹು ಅಂತಸ್ತಿನ ಕಟ್ಟಡವು ಕುಸಿದು 19 ಜನ ಅಸುನೀಗಿದ ದುರಂತವನ್ನು ಹಾವೇರಿಯವರು ಮರೆತಿರಲಾರರು. 1997ರವರೆಗೆ ಧಾರವಾಡವೇ ನಮ್ಮ ಜಿಲ್ಲೆಯಾಗಿತ್ತಷ್ಟೆ. ಅಗ್ನಿಶಾಮಕ ದಳದವರೂ ಪೊಲೀಸರೂ ಎನ್‌ಡಿಆರ್‌ಎಫ್ ಪಡೆಯವರೂ ಹಗಲಿರುಳು ಕಾಂಕ್ರೀಟಿನ ಹಾಸುಗಳನ್ನು ಕೊರೆದು, ಸಂದಿಗಳಲ್ಲಿ ತೆವಳಿ, ಮಾರ್ಚ್ 22ರಂದೂ ಜೀವಂತ ಮನುಷ್ಯರನ್ನು ಹೊರತಂದರು. ಅಂತಹ ಎಡೆಯಲ್ಲಿ ಏಳುವ ಧೂಳೇ ವೈದ್ಯವಿಜ್ಞಾನದ ಮೊದಲ ಚಿಂತೆ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲವನ್ನು ಸುರಿದಾಗ ಹೊಸಬನಿಗೆ ಸೀನೂ ಕೆಮ್ಮೂ ಒತ್ತರಿಸಿ ಬರುತ್ತವೆ. ಘಾಟು ನರಗಳ ತುದಿಯನ್ನು ಕೆಣಕಿರುತ್ತದೆ, ಹೊರಗೆ ಬಂದು ತುಸು ಹೊತ್ತು ನಿಂತರೆ ಶಾಂತವಾಗುತ್ತದೆ. ಕಾಂಕ್ರೀಟಿನ ಧೂಳಿನ ಸ್ವಭಾವವೇ ಬೇರೆ. ಅದರೊಳಗಿನ ಸಿಮೆಂಟು ಕ್ಷಾರಗುಣವುಳ್ಳದ್ದಾದುದರಿಂದ ಶ್ವಾಸನಾಳದ ತೇವದ ಒಳಪೊರೆಯನ್ನು ಸುಡುತ್ತದೆ. ಮರಳಿನಿಂದ ಬಂದ ಸಿಲಿಕಾದ ಅತಿಸೂಕ್ಷ್ಮ ಕಣಗಳು ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿದಾಗ, ಅವನ್ನು ನುಂಗಿದ ರಕ್ಷಕ ಜೀವಕೋಶಗಳು ಅರಗಿಸಲಾರದೆ ತಾವೇ ಸಾಯುತ್ತವೆ, ಮತ್ತು ಇಂತಹ ಧೂಳು ಹೆಚ್ಚು ಒಳಹೊಕ್ಕಷ್ಟೂ ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂತಹ ಗಡಸು ನಾರು ಬೆಳೆಯತೊಡಗುತ್ತದೆ.

ಈ ಪರಿಣಾಮವು ಎಷ್ಟು ದೀರ್ಘಕಾಲದ್ದೆಂಬುದನ್ನು ಜಗತ್ತಿಗೆ ತಿಳಿಸಿದ್ದು 2001ರ ಸೆಪ್ಟೆಂಬರ್ 11ರಂದು ನೆಲಕ್ಕುರುಳಿದ ನ್ಯೂಯಾರ್ಕಿನ ಅವಳಿ ಗೋಪುರಗಳ ದುರಂತ. ಅಲ್ಲಿನ ಅಗ್ನಿಶಾಮಕರ ಉಸಿರಿನ ಬಲವನ್ನು ಇಲಾಖೆಯು ಮೊದಲಿನಿಂದಲೂ ಅಳೆದು ಬರೆದಿಟ್ಟಿದ್ದುದರಿಂದ, ಹಿಂದಿನದನ್ನೂ ಮುಂದಿನದನ್ನೂ ಹೋಲಿಸಿ ನೋಡುವುದು ಸಾಧ್ಯವಾಯಿತು. ಒಂದು ಸೆಕೆಂಡಿನಲ್ಲಿ ಹೊರದೂಡಬಲ್ಲ ಗಾಳಿಯ ಪ್ರಮಾಣವು ಮೊದಲ ವರ್ಷದಲ್ಲಿಯೇ ಸರಾಸರಿ 372 ಮಿಲಿಲೀಟರಿನಷ್ಟು ತಗ್ಗಿತ್ತು. ವಯೋಧರ್ಮದಿಂದ 12 ವರ್ಷಗಳಲ್ಲಿ ಆಗುವ ಕುಗ್ಗುವಿಕೆ ಅವರಿಗೆ ಒಂದೇ ವರ್ಷದಲ್ಲಿ ಒದಗಿತ್ತು. ಏಳು ವರ್ಷಗಳ ಬಳಿಕ ನೋಡಿದಾಗಲೂ ಬಹುಮಂದಿಯ ಉಸಿರು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಮನಸ್ಸಿನ ಗಾಯವೂ ಇಷ್ಟೇ ಹಠಮಾರಿಯಾದುದು. ಶವಗಳನ್ನು ಕೈಯಾರೆ ಎತ್ತಿದವನಿಗೆ ನಿದ್ರೆಯಲ್ಲಿ ಅದೇ ದೃಶ್ಯ ಮರಳುವುದು, ಸಣ್ಣ ಸದ್ದಿಗೂ ಮೈ ಬೆಚ್ಚುವುದು, ಸ್ವಜನರ ನಡುವೆಯೂ ಮನಸ್ಸು ಮರಗಟ್ಟುವುದು ಈ ಗಾಯದ ಲಕ್ಷಣಗಳು. ನ್ಯೂಯಾರ್ಕಿನ ಆ ದುರಂತದ ಸ್ಥಳದಲ್ಲಿ ದುಡಿದ ಸುಮಾರು 29,000 ಜನರನ್ನು ಎರಡು ಮೂರು ವರ್ಷಗಳ ತರುವಾಯ ಪರಿಶೀಲಿಸಲಾಗಿ, ಈ ಲಕ್ಷಣಗಳು ಪೊಲೀಸರಲ್ಲಿ ಶೇಕಡಾ 6.2ರಷ್ಟು ಜನರಲ್ಲಿ ಕಂಡರೆ, ಯಾವ ಸಂಸ್ಥೆಗೂ ಸೇರದೆ ತಾವಾಗಿ ಓಡಿಬಂದ ಸ್ವಯಂಸೇವಕರಲ್ಲಿ ಶೇಕಡಾ 21.2ರಷ್ಟು ಜನರಲ್ಲಿ ಕಂಡವು. ತರಬೇತಿಯಿಲ್ಲದೆ, ಬೆನ್ನಿಗೆ ಇಲಾಖೆಯಿಲ್ಲದೆ, ಕರುಣೆಯೊಂದರಿಂದಲೇ ಮುನ್ನುಗ್ಗಿದವನೇ ಎಲ್ಲರಿಗಿಂತ ಹೆಚ್ಚು ನೊಂದನು.

ನಮ್ಮ ಹೊಳೆಸಾಲಿನ ಊರುಗಳಲ್ಲಿ ನೀರಿಗಿಳಿಯುವವನು ಇಂತಹವನೇ. ಅವನಿಗೆ ಧೂಳಿನ ಬದಲು ಇಲಿಜ್ವರದ ಭಯ: ಇಲಿಗಳ ಮೂತ್ರ ಬೆರೆತ ನೆರೆನೀರಿನಿಂದ ರೋಗಾಣುವು ಕಾಲಿನ ಸಣ್ಣ ತರಚುಗಾಯದ ಮೂಲಕ ಒಳಹೊಕ್ಕು, ಒಂದೆರಡು ವಾರಗಳಲ್ಲಿ ಜ್ವರವಾಗಿ ಕಾಣಿಸಿಕೊಂಡು, ಉಪೇಕ್ಷಿಸಿದರೆ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. 2018ರ ಕೇರಳದ ಪ್ರವಾಹದಲ್ಲಿ ರಕ್ಷಣಾಕಾರ್ಯಕ್ಕೆ ಇಳಿದವರಿಗೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಮುಂಜಾಗ್ರತೆಯಾಗಿ ಹಂಚಿದ್ದು ಈ ಕಾರಣದಿಂದಲೇ.

ಚಿಕಿತ್ಸೆಯ ಆರಂಭವು ಹೆಸರು ಬರೆದುಕೊಳ್ಳುವುದರಲ್ಲಿದೆ. ಯಾರು ಎಷ್ಟು ಹೊತ್ತು ನೀರಿನಲ್ಲಿದ್ದರು, ಯಾರು ಧೂಳು ಕುಡಿದರು, ಯಾರು ಹೆಣ ಹೊತ್ತರು ಎಂಬುದು ಗೊತ್ತಿದ್ದರೆ ತಾನೆ ವೈದ್ಯನು ಮುಂದಿನ ವರ್ಷ ಅವರ ಉಸಿರನ್ನು ಅಳೆಯುವುದು, ನಿದ್ರೆಯನ್ನು ಕೇಳುವುದು! ನೆರೆ ಇಳಿದ ಮೇಲೆ ಬಿದ್ದ ಮನೆಗಳನ್ನೂ ಕೊಚ್ಚಿಹೋದ ಬೆಳೆಯನ್ನೂ ಬರೆದುಕೊಳ್ಳಲು ತಲಾಟಿಯವರು ಬರುತ್ತಾರೆ. ಅದೇ ಪುಸ್ತಕದ ಒಂದು ಪುಟದಲ್ಲಿ, ಅಂದು ನೀರಿಗಿಳಿದವರ ಹೆಸರುಗಳೂ ಇರಲಿ.